ದಿನದ ಲೆಕ್ಕ ತಪ್ಪಿದಾಗ

ದೊಡ್ಡ ಆಪತ್ತು ಎದುರಾದಾಗ ದೇವರನ್ನು ನೆನೆಯುವುದನ್ನು ಯಾರಿಗೂ ಕಲಿಸಬೇಕಾಗಿಲ್ಲ. ತುರ್ತು ಚಿಕಿತ್ಸಾ ಘಟಕದ ಬಾಗಿಲ ಮುಂದೆ ನಿಂತವರು, ಹೊಳೆಯ ನೀರು ಮನೆಯ ಮೆಟ್ಟಿಲೇರುವುದನ್ನು ನೋಡುತ್ತಿರುವವರು, ಅಲ್ಲಿಯವರೆಗೆ ಒಮ್ಮೆಯೂ ಕೈ ಮುಗಿಯದಿದ್ದರೂ ಆ ಹೊತ್ತಿನಲ್ಲಿ ಯಾವುದೋ ಒಂದು ಹೆಸರನ್ನು ಕರೆಯುತ್ತಾರೆ. ಆದರೆ ನಮ್ಮ ಬದುಕಿನ ಬಹುಪಾಲು ದಿನಗಳು ಅಂಥ ಆಪತ್ತುಗಳಲ್ಲಿ ಕಳೆಯುವುದಿಲ್ಲ. ಹೊರಡಬೇಕಾದ ಬೆಳಿಗ್ಗೆಯೇ ಮಗುವಿಗೆ ಜ್ವರ ಬರುತ್ತದೆ. ರೈಲು ತಡವಾಗಿ, ವಾರಗಳ ಹಿಂದೆಯೇ ಗೊತ್ತುಮಾಡಿಕೊಂಡ ಭೇಟಿ ಕೈತಪ್ಪುತ್ತದೆ. ಸಹಿ ಹಾಕಬೇಕಾದವರು ರಜೆಯ ಮೇಲೆ ಹೋಗಿರುತ್ತಾರೆ. ಬಾಡಿಗೆಗೆ ಕೊಡುತ್ತೇನೆಂದು ಒಪ್ಪಿದ್ದ ಮನೆಯವರು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುತ್ತಾರೆ. ಇಂಥವುಗಳಿಗಾಗಿ ದೇವರ ಮುಂದೆ ನಿಲ್ಲುವುದು ಅತಿಯಾಯಿತೇನೋ ಎಂಬ ಸಂಕೋಚ ನಮಗೆ. ಹಾಗಾಗಿ ನಾವು ನಿಲ್ಲುವುದಿಲ್ಲ. ಸಿಡುಕುತ್ತೇವೆ, ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತೇವೆ, ಇಡೀ ದಿನ ಹಾಳಾಯಿತೆಂದು ತೀರ್ಮಾನಿಸಿ ಉಳಿದ ಹೊತ್ತನ್ನೂ ನಾವೇ ಹಾಳುಮಾಡಿಕೊಳ್ಳುತ್ತೇವೆ. ದೇವರಲ್ಲಿ ನಂಬಿಕೆಯುಳ್ಳವರು, ನಿತ್ಯ ಪ್ರಾರ್ಥನೆ ಮಾಡುವವರು ಕೂಡ ಇಂಥ ಗಂಟೆಗಳನ್ನು ದೇವರೇ ಇಲ್ಲವೇನೋ ಎಂಬಂತೆ ಕಳೆಯುತ್ತಾರೆ.

ನನಗೆ ಈ ವಿಷಯ ಮುಖ್ಯವೆನಿಸುವುದು ಇದೇ ಕಾರಣಕ್ಕೆ. ನಂಬಿಕೆ ಎನ್ನುವುದು ಆಪತ್ತಿನ ಹೊತ್ತಿಗೆಂದು ತೆಗೆದಿಡುವ ವಸ್ತುವಾದರೆ, ಅದು ಬದುಕಿನ ಬಹುಭಾಗಕ್ಕೆ ಸಂಬಂಧವೇ ಇಲ್ಲದ್ದಾಗಿಬಿಡುತ್ತದೆ. ಸಣ್ಣ ಏರುಪೇರುಗಳಲ್ಲಿ ದೇವರನ್ನು ನಂಬುವುದೆಂದರೆ ಏನು, ಹೇಗೆ, ಯಾವ ಮಾತನ್ನು ಹೇಳಿಕೊಂಡು ಎಂಬುದನ್ನು ಬಿಡಿಸಿ ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

‘ತಾನೊಂದು ಬಗೆದರೆ ದೈವವೊಂದು ಬಗೆಯಿತು’ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇದೆ. ಎಣಿಕೆ ತಪ್ಪಿದ ಕೂಡಲೇ ಅದನ್ನು ಹೇಳಿಬಿಡುತ್ತೇವೆ. ಆದರೆ ಹಾಗೆ ಹೇಳುವ ಮೊದಲು ನಮ್ಮ ಎಣಿಕೆಯ ಗುಣವೇನಿತ್ತು ಎಂದು ಕೇಳಿಕೊಳ್ಳುವುದು ಪ್ರಾಮಾಣಿಕತೆಯ ಮೊದಲ ಹೆಜ್ಜೆ. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್‌ಸ್ಕಿ 1979ರಲ್ಲೇ ಗುರುತಿಸಿ, ಅದಕ್ಕೆ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟರು. 1994ರಲ್ಲಿ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕೆಲ್ ರಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಅದು ಯಾವಾಗ ಮುಗಿಯುತ್ತದೆಂದು ಕೇಳಲಾಯಿತು. ಅವರು ಹೇಳಿದ್ದು ಸರಾಸರಿ 33.9 ದಿನ, ನಿಜವಾಗಿ ತಗುಲಿದ್ದು 55.5 ದಿನ. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಷ್ಟು ದಿನವಾದೀತು ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ 48.6 ದಿನ. ಎಂದರೆ, ವಾಸ್ತವವು ಅವರು ಊಹಿಸಿದ್ದ ಅತಿ ಕೆಟ್ಟ ಸ್ಥಿತಿಗಿಂತಲೂ ಒಂದು ವಾರ ಆಚೆಗಿತ್ತು. ಇನ್ನೊಬ್ಬರ ಕೆಲಸವನ್ನು ಅಳೆಯುವಾಗ ನಾವು ಇಷ್ಟು ಉದಾರಿಗಳಾಗಿರುವುದಿಲ್ಲ ಎಂಬುದೂ ಆ ಸಂಶೋಧನೆಯಲ್ಲಿ ಕಂಡುಬಂತು. ಅಡೆತಡೆಗಳು ಬರುವುದು ಇತರರಿಗೆ, ನಮ್ಮ ದಾರಿ ಮಾತ್ರ ಸುಗಮವೆಂಬ ಭಾವನೆ ನಮ್ಮೊಳಗೆ ಅಷ್ಟು ಆಳವಾಗಿದೆ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ದಿನದ ಹದಿನಾರು ಗಂಟೆಗಳಿಗೆ ಇಪ್ಪತ್ತು ಗಂಟೆಗಳ ಕೆಲಸವನ್ನು ತುಂಬಿ, ಸಂಜೆ ಅದು ಮುಗಿಯದಿದ್ದಾಗ ದೇವರ ಇಚ್ಛೆ ಹೀಗಿತ್ತೆನ್ನುವುದು ಭಕ್ತಿಯಲ್ಲ, ಲೆಕ್ಕದ ತಪ್ಪನ್ನು ದೇವರ ಖಾತೆಗೆ ಬರೆಯುವುದು. ನಂಬಿಕೆ ಇದ್ದವರು ಲೆಕ್ಕದಲ್ಲೂ ಸತ್ಯವಂತರಾಗಿರಬೇಕು. ಯೋಜನೆ ಎನ್ನುವುದು ನಾಳೆಯ ಬಗ್ಗೆ ಇಂದು ಮಾಡಿದ ಊಹೆ. ಜಗತ್ತು ಅದಕ್ಕೆ ಒಪ್ಪಿಗೆಯ ಸಹಿ ಹಾಕಿ ಕೊಟ್ಟಿರುವುದಿಲ್ಲ.

ಹಾಗಾದರೆ ದೇವರ ಪಾಲು ಎಲ್ಲಿದೆ? ಭಗವದ್ಗೀತೆಯ 18ನೆಯ ಅಧ್ಯಾಯದಲ್ಲಿ ಈ ಪ್ರಶ್ನೆಯನ್ನು ತುಂಬ ಬಿಗಿಯಾಗಿ, ಒಂದು ರೀತಿಯ ಶಾಸ್ತ್ರೀಯ ತಾಳ್ಮೆಯಿಂದ ಎತ್ತಿಕೊಂಡಿರುವ ಭಾಗವಿದೆ. ಯಾವುದೇ ಕೆಲಸ ನೆರವೇರುವುದಕ್ಕೆ ಐದು ಕಾರಣಗಳು ಕೂಡಿಬರಬೇಕು ಎನ್ನುತ್ತದೆ 14ನೆಯ ಶ್ಲೋಕ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ವಿವಿಧ ಚೇಷ್ಟೆಗಳು, ಐದನೆಯದಾಗಿ ದೈವ. ಕೆಲಸಕ್ಕೆ ಆಶ್ರಯವಾದ ದೇಹ ನೆಟ್ಟಗಿರಬೇಕು, ಮಾಡುವವನು ಇರಬೇಕು, ಸಾಧನಗಳು ಸರಿಯಿರಬೇಕು, ಪ್ರಯತ್ನ ನಡೆಯಬೇಕು. ಇಷ್ಟೆಲ್ಲ ಆದಮೇಲೂ ನಮ್ಮ ಕೈಯಲ್ಲಿಲ್ಲದ ಒಂದು ಉಳಿಯುತ್ತದೆ. ಈ ಐದನೆಯದು ಏನೆಂಬುದರಲ್ಲಿ ಆಚಾರ್ಯರಿಗೆ ಒಮ್ಮತವಿಲ್ಲ. ಶಂಕರರು ಅದನ್ನು ಕಣ್ಣು ಮೊದಲಾದ ಇಂದ್ರಿಯಗಳನ್ನು ನಡೆಸುವ ಆದಿತ್ಯಾದಿ ದೇವತೆಗಳೆಂದು ಹೇಳಿದರೆ, ರಾಮಾನುಜರು ಅದು ಒಳಗಿದ್ದು ನಡೆಸುವ ಪರಮಾತ್ಮನೇ ಎನ್ನುತ್ತಾರೆ. ಎರಡು ಶ್ಲೋಕಗಳ ನಂತರ, ಹೀಗಿರುವಾಗ ತಾನೊಬ್ಬನೇ ಕರ್ತೃವೆಂದು ತಿಳಿಯುವವನು ಸರಿಯಾಗಿ ಕಾಣುತ್ತಿಲ್ಲ ಎಂಬ ಮಾತು ಬರುತ್ತದೆ.

ನನ್ನನ್ನು ಮತ್ತೆ ಮತ್ತೆ ಹಿಡಿದು ನಿಲ್ಲಿಸುವುದು ಈ ಐದರ ಎಣಿಕೆ. ದೈವವೊಂದೇ ಕಾರಣವೆಂದಿದ್ದರೆ ನಾವು ಕೈಕಟ್ಟಿ ಕೂರಬಹುದಿತ್ತು. ದೈವ ಪಟ್ಟಿಯಲ್ಲೇ ಇಲ್ಲದಿದ್ದರೆ ಪ್ರತಿ ಸೋಲೂ ನಮ್ಮ ತಲೆಯ ಮೇಲೆಯೇ ಬೀಳುತ್ತಿತ್ತು. ಇಲ್ಲಿ ಎರಡೂ ಇಲ್ಲ. ಯೋಜನೆ ತಪ್ಪಿದಾಗ ದೇಹ ಸಹಕರಿಸಲಿಲ್ಲವೇ, ಸಾಧನ ಕೈಕೊಟ್ಟಿತೇ, ಪ್ರಯತ್ನ ಸಾಲದಾಯಿತೇ ಎಂದು ನೋಡುವುದು ಅಪನಂಬಿಕೆಯಲ್ಲ, ಅದು ನಮ್ಮ ಪಾಲಿನ ಕೆಲಸ. ಅವೆಲ್ಲವೂ ಸರಿಯಿದ್ದೂ ಕೆಲಸ ಆಗಲಿಲ್ಲವೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದಕ್ಕೆ ಅರ್ಥವಿಲ್ಲ. ಅತಿಯಾಗಿ ಜವಾಬ್ದಾರಿ ಹೊತ್ತುಕೊಳ್ಳುವ ಸ್ವಭಾವದವರಿಗೆ, ಮನೆಯಲ್ಲಿ ಯಾರಿಗೆ ಏನಾದರೂ ‘ನಾನು ಮೊದಲೇ ಎಚ್ಚರ ವಹಿಸಬೇಕಿತ್ತು’ ಎಂದು ರಾತ್ರಿಯಿಡೀ ಕೊರಗುವವರಿಗೆ, ಈ ಐದನೆಯ ಕಾರಣ ದೊಡ್ಡ ಕರುಣೆ.

ಈಗ ಸ್ವಲ್ಪ ಕಠಿಣವಾದ ಮಾತಿಗೆ ಬರುತ್ತೇನೆ. ಎಣಿಸಿದ್ದು ತಪ್ಪಿದಾಗ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನವೊಂದಿದೆ: ಆಗಿದ್ದೆಲ್ಲ ಒಳ್ಳೆಯದಕ್ಕೇ, ದೇವರು ಇದಕ್ಕಿಂತ ಉತ್ತಮವಾದದ್ದನ್ನು ಇಟ್ಟಿರುತ್ತಾನೆ. ಜೊತೆಗೆ ಒಂದು ಕಥೆಯೂ ಬರುತ್ತದೆ. ಯಾರೋ ಒಬ್ಬರಿಗೆ ಬಸ್ಸು ತಪ್ಪಿತು, ಅವರು ಬಹಳ ಬೇಸರಪಟ್ಟರು, ಆಮೇಲೆ ನೋಡಿದರೆ ಆ ಬಸ್ಸು ಅಪಘಾತಕ್ಕೀಡಾಗಿತ್ತು. ಈ ಕಥೆಯನ್ನು ಹೇಳುವವರ ಸದುದ್ದೇಶದಲ್ಲಿ ನನಗೆ ಅನುಮಾನವಿಲ್ಲ. ಆದರೆ ಇದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಆ ಬಸ್ಸಿನೊಳಗೆ ಕುಳಿತಿದ್ದವರ ಬಳಿಗೆ ಹೋಗುತ್ತದೆ. ಅವರು ಸಮಯಕ್ಕೆ ಸರಿಯಾಗಿ ಹೊರಟವರು, ಅವರ ಯೋಜನೆ ತಪ್ಪದೆ ನಡೆದಿತ್ತು. ಅವರ ಮನೆಯಲ್ಲೂ ಯಾರೋ ಬೆಳಿಗ್ಗೆ ಕೈಮುಗಿದು ಕಳಿಸಿರಬಹುದು. ತಪ್ಪಿಸಿಕೊಂಡವನನ್ನು ದೇವರು ಕಾಪಾಡಿದನೆಂದರೆ, ಹತ್ತಿದವರನ್ನು ಏನು ಮಾಡಿದನೆನ್ನಬೇಕು? ನನ್ನೊಬ್ಬನ ಅನುಕೂಲಕ್ಕಾಗಿ ಮಳೆಯನ್ನೂ ರೈಲನ್ನೂ ಹೊಂದಿಸುತ್ತ ಕೂತಿರುವ ದೇವರನ್ನು ಕಲ್ಪಿಸಿಕೊಂಡರೆ, ಪಕ್ಕದವನಿಗೆ ಕೇಡಾದಾಗ ಅವನ ಮುಖ ನೋಡುವ ಧೈರ್ಯ ನನಗಿರುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಪ್ರತಿ ಅಡ್ಡಿಯ ಹಿಂದೆ ಅಡಗಿದ ಉತ್ತಮ ಯೋಜನೆಯೊಂದು ಇರಲೇಬೇಕೆಂದು ಕಾಯುವವರು, ಅದು ಕಾಣಿಸದೆ ಹೋದಾಗ ಎರಡು ಬಾರಿ ನೋಯುತ್ತಾರೆ: ಕೆಲಸ ಆಗಲಿಲ್ಲವೆಂದು ಒಮ್ಮೆ, ದೇವರು ಮಾತು ಉಳಿಸಿಕೊಳ್ಳಲಿಲ್ಲವೆಂದು ಇನ್ನೊಮ್ಮೆ. ಆದರೆ ಆ ಮಾತನ್ನು ದೇವರು ಕೊಟ್ಟಿರಲೇ ಇಲ್ಲ, ಸಮಾಧಾನ ಹೇಳಲು ಬಂದವರು ಅವನ ಪರವಾಗಿ ಕೊಟ್ಟಿದ್ದರು.

ಬೈಬಲಿನ ಯೋಬನ ಗ್ರಂಥವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಯೋಬನ ಕಷ್ಟ ದಿನನಿತ್ಯದ ಏರುಪೇರಲ್ಲ, ಅವನು ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡವನು. ಆ ಅಳತೆಯನ್ನು ನಮ್ಮ ತಪ್ಪಿದ ಭೇಟಿಗಳಿಗೆ ಹಚ್ಚುವುದು ಸಲ್ಲದು. ಆದರೂ ಅಲ್ಲಿ ‘ಏಕೆ’ ಎಂಬ ಪ್ರಶ್ನೆಗೆ ಆಗುವ ಗತಿಯನ್ನು ಗಮನಿಸಬೇಕು. ಓದುಗರಾದ ನಮಗೆ ಕಾರಣ ಮೊದಲ ಎರಡು ಅಧ್ಯಾಯಗಳಲ್ಲೇ ಗೊತ್ತಾಗುತ್ತದೆ. ಯೋಬನಿಗೆ 42 ಅಧ್ಯಾಯಗಳು ಮುಗಿದರೂ ಯಾರೂ ಹೇಳುವುದಿಲ್ಲ. ಬಿರುಗಾಳಿಯೊಳಗಿಂದ ದೇವರು ಮಾತಾಡುವಾಗಲೂ ಉತ್ತರ ಕೊಡುವುದಿಲ್ಲ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ತಾನೇ ಪ್ರಶ್ನೆಗಳನ್ನು ಕೇಳುತ್ತಾನೆ. ಅದಕ್ಕಿಂತ ಬೆರಗಿನ ಸಂಗತಿ ಕೊನೆಯ ಅಧ್ಯಾಯದ್ದು. ಯೋಬನ ಕಷ್ಟಕ್ಕೆ ದೇವರ ಪರವಾಗಿ ಅಚ್ಚುಕಟ್ಟಾದ ಕಾರಣಗಳನ್ನು ಕೊಡುತ್ತಿದ್ದ ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾನೆ. ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ನೀವಲ್ಲ, ಯೋಬನೇ ಎನ್ನುತ್ತಾನೆ. ಯೋಬನಾದರೋ ಅಷ್ಟೂ ಹೊತ್ತು ದೇವರೊಡನೆ ಜಗಳಕ್ಕೆ ನಿಂತಿದ್ದವನು.

ಕಾರಣ ಗೊತ್ತಿಲ್ಲದೆ ನಂಬುವುದು ಹೇಗಿರುತ್ತದೆ ಎಂಬುದನ್ನು ನಾನು ತೀರ ಹತ್ತಿರದಿಂದ ನೋಡಿದ್ದು ನಮ್ಮಮ್ಮನಲ್ಲಿ. ಅವರ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಗಿತ್ತು. ಅದಕ್ಕಾಗಿ ನಾನು ರಜೆ ಹಾಕಿದ್ದೆ, ಅಕ್ಕ ತನ್ನ ಮನೆಯ ಕೆಲಸಗಳನ್ನೆಲ್ಲ ಹಿಂದೆ ಮುಂದೆ ಮಾಡಿಕೊಂಡು ಬಂದಿದ್ದಳು, ಆಮೇಲಿನ ದಿನಗಳಲ್ಲಿ ಯಾರು ಎಷ್ಟು ಗಂಟೆಗೆ ಕಣ್ಣಿಗೆ ಹನಿ ಹಾಕಬೇಕೆಂಬ ಪಟ್ಟಿ ಕೂಡ ತಯಾರಾಗಿತ್ತು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಮ್ಮನ ಬಲಗಣ್ಣಿನ ಹುಬ್ಬಿನ ಮೇಲೆ ಗುರುತಿನ ಚೀಟಿ ಅಂಟಿಸಿದರು, ಪಾಪೆ ಹಿಗ್ಗುವ ಔಷಧಿ ಹಾಕಿದರು, ಹಸಿರು ಗೌನು ತೊಡಿಸಿದರು. ಒಳಗೆ ಕರೆದುಕೊಂಡು ಹೋಗುವ ಮೊದಲು ರಕ್ತದೊತ್ತಡ ನೋಡಿದಾಗ ಅದು ಬಹಳ ಏರಿತ್ತು. ಸ್ವಲ್ಪ ಹೊತ್ತು ಮಲಗಿಸಿ ಮತ್ತೆ ನೋಡಿದರು, ಇಳಿದಿರಲಿಲ್ಲ. ವೈದ್ಯರು ಬಂದು, ಇಂದು ಬೇಡ, ಮಾತ್ರೆ ಬದಲಿಸಿ ಒತ್ತಡ ಹತೋಟಿಗೆ ಬಂದ ಮೇಲೆ ನೋಡೋಣ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೂ ಅಕ್ಕನ ಮುಖ ಸಪ್ಪಗಾಯಿತು. ನಾನು ಮತ್ತೆ ರಜೆ ಸಿಗುವುದು ಯಾವಾಗ ಎಂದು ಆಗಲೇ ಲೆಕ್ಕ ಹಾಕತೊಡಗಿದ್ದೆ.

ಅಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತು, ಹಿಗ್ಗಿದ ಪಾಪೆಗೆ ಬೆಳಕು ಚುಚ್ಚುತ್ತಿದ್ದುದರಿಂದ ಒಂದು ಕಣ್ಣನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು. “ಡಾಕ್ಟ್ರು ಇವತ್ತು ಬೇಡ ಅಂದ್ರೆ ಇವತ್ತು ಬೇಡ, ಬಿಡು. ಈಗ ನಾನು ಏನಾದ್ರೂ ತಿನ್ನಬಹುದಾ, ಕೇಳ್ಕೊಂಡು ಬಾ” ಎಂದರು. ನಾನು ಕೇಳಿಕೊಂಡು ಬರುವಷ್ಟರಲ್ಲಿ ಅವರು ಪಕ್ಕದಲ್ಲಿ ಕೂತಿದ್ದ, ತಮ್ಮ ಸರದಿಗಾಗಿ ಕಾಯುತ್ತಿದ್ದ ಇನ್ನೊಬ್ಬ ವೃದ್ಧೆಯ ಕೈ ಹಿಡಿದು, ಹೆದರಬೇಡಿ, ಹನಿ ಹಾಕಿದಾಗ ಸ್ವಲ್ಪ ಉರಿಯುತ್ತದೆ ಅಷ್ಟೆ ಎಂದು ಧೈರ್ಯ ಹೇಳುತ್ತಿದ್ದರು. ಹುಬ್ಬಿನ ಮೇಲಿನ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಮೆಟ್ಟಿಲಿಳಿಯುವಾಗ ಅವರಿಗೆ ಅಂಚು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ‘ದೇವರು ಯಾಕೆ ಹೀಗೆ ಮಾಡಿದ’ ಎಂದಾಗಲಿ, ‘ಇದರಲ್ಲಿ ಏನೋ ಒಳ್ಳೆಯದಿದೆ’ ಎಂದಾಗಲಿ ಅವರು ಒಮ್ಮೆಯೂ ಅನ್ನಲಿಲ್ಲ. ದೇವರ ವಿಷಯದಲ್ಲಿ ಅಮ್ಮನಷ್ಟು ಗಟ್ಟಿಯಾದವರನ್ನು ನಾನು ಕಂಡಿದ್ದು ಕಡಿಮೆ. ಆ ಬೆಳಿಗ್ಗೆ ಅವರ ಬಾಯಲ್ಲಿ ದೇವರ ಹೆಸರು ಬರಲೇ ಇಲ್ಲ.

ಅದನ್ನು ಬರೀ ಸ್ವಭಾವದ ಶಾಂತತೆ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಅಮ್ಮ ಸ್ವಭಾವತಃ ಗಾಬರಿಯವರು. ರಕ್ತದೊತ್ತಡ ಏರಿದ್ದೂ ಆ ಗಾಬರಿಯಿಂದಲೇ ಇರಬಹುದು. ಶಾಂತರಾಗಿದ್ದುದಕ್ಕಿಂತ ಹೆಚ್ಚಿನದೇನೋ ಅಲ್ಲಿತ್ತು. ದಿನ ತನ್ನದಲ್ಲ, ತನಗೆ ಕೊಟ್ಟದ್ದು. ಕೊಟ್ಟವನು ಅದರಲ್ಲಿ ಶಸ್ತ್ರಚಿಕಿತ್ಸೆಯನ್ನು ಇಟ್ಟಿರಲಿ ಇಡದಿರಲಿ, ದಿನವಂತೂ ಇನ್ನೂ ಮುಗಿದಿಲ್ಲ, ಅದರಲ್ಲಿ ಮಾಡಬೇಕಾದದ್ದು ಇದ್ದೇ ಇದೆ ಎಂಬ ಅರಿವು ಅದು. ನಂಬಿಕೆಯ ಬಗ್ಗೆ ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇಷ್ಟೇ: ತಪ್ಪಿದ್ದರ ಕಾರಣವನ್ನು ಪತ್ತೆಹಚ್ಚುವುದು ಅದರ ಕೆಲಸವಲ್ಲ, ಕಾರಣ ತಿಳಿಯದೆಯೂ ಮುಂದಿನ ಕರ್ತವ್ಯಕ್ಕೆ ಮನಸ್ಸನ್ನು ಬಿಡುಗಡೆ ಮಾಡುವುದು ಅದರ ಕೆಲಸ. ಉತ್ತರ ಸಿಗುವವರೆಗೆ ಅಲುಗಾಡುವುದಿಲ್ಲ ಎಂದು ಹಟ ಹಿಡಿದ ಮನಸ್ಸು ಪಕ್ಕದಲ್ಲಿ ಕೂತವರ ಕೈ ಹಿಡಿಯಲಾರದು.

ಮನಸ್ಸನ್ನು ತಲ್ಲಣಿಸಬೇಡ, ತಾಳು ಎಂದು ಸಂತೈಸುವ ಕನಕದಾಸರ ಕೀರ್ತನೆಯನ್ನು ಕೇಳಿ ಬೆಳೆಯದ ಕನ್ನಡಿಗರು ಕಡಿಮೆ. ಅಲ್ಲಿ ಬರುವ ಉದಾಹರಣೆಗಳನ್ನು ಗಮನಿಸಿದ್ದೀರಾ? ಬೆಟ್ಟದ ತುದಿಯಲ್ಲಿ ಹುಟ್ಟಿದ ಮರ, ಕಲ್ಲಿನ ನಡುವೆ ಕೂಗುವ ಕಪ್ಪೆ. ಮರಕ್ಕೆ ನೀರೆರೆದವರು ಯಾರು, ಕಪ್ಪೆಗೆ ಆಹಾರ ತಂದಿಟ್ಟವರು ಯಾರು ಎಂದು ದಾಸರು ಕೇಳುತ್ತಾರೆ. ಸಲಹುತ್ತಾನೆ ಎಂಬುದಷ್ಟೇ ಅವರು ಕೊಡುವ ಭರವಸೆ. ನಿನ್ನ ಎಣಿಕೆಯಂತೆ ನಡೆಸಿಕೊಡುತ್ತಾನೆ, ಇಂದು ತಪ್ಪಿದ್ದನ್ನು ನಾಳೆ ಇಮ್ಮಡಿಯಾಗಿ ಹಿಂದಿರುಗಿಸುತ್ತಾನೆ ಎಂದು ಅವರು ಎಲ್ಲಿಯೂ ಹೇಳುವುದಿಲ್ಲ. ಬೆಟ್ಟದ ತುದಿಯ ಮರಕ್ಕೆ ತಗ್ಗಿನ ತೋಟಕ್ಕೆ ಇಳಿಯುವ ಅವಕಾಶ ಸಿಗಲಿಲ್ಲ. ಅದಕ್ಕೆ ನೀರು ಸಿಕ್ಕಿದ್ದು ತಾನು ನಿಂತ ಆ ಅನನುಕೂಲದ ಜಾಗದಲ್ಲೇ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಡಿದರೆ ಆ ಕೀರ್ತನೆ ತುಂಬ ಕಷ್ಟದ ದಿನದಲ್ಲೂ ಸುಳ್ಳೆನಿಸುವುದಿಲ್ಲ.

ದಾಸರ ಪರಂಪರೆಯಲ್ಲಿ ನಿಂದಾಸ್ತುತಿ ಎಂಬ ಬಗೆಯೂ ಇದೆಯೆಂಬುದನ್ನು ಇಲ್ಲೇ ಹೇಳಬೇಕು. ಪುರಂದರದಾಸರು ದೇವರನ್ನು ಮುಖದ ಮೇಲೆಯೇ ಆಕ್ಷೇಪಿಸುತ್ತಾರೆ, ಹಂಗಿಸುತ್ತಾರೆ, ಲೆಕ್ಕ ಕೇಳುತ್ತಾರೆ. ಬೈಬಲಿನ ಕೀರ್ತನೆಗಳಲ್ಲೂ ‘ಎಷ್ಟರವರೆಗೆ’ ಎಂದು ಮೊರೆಯಿಡುವ ಪ್ರಲಾಪಗಳು ಹಲವಿವೆ. ದೂರು ಹೇಳುವುದು ನಂಬಿಕೆಗೆ ವಿರುದ್ಧವಲ್ಲ; ಕೇಳುವವನಿದ್ದಾನೆಂಬ ಖಾತರಿಯಿಲ್ಲದೆ ಯಾರೂ ದೂರು ಹೇಳುವುದಿಲ್ಲ. ರೈಲು ರದ್ದಾದಾಗ ಬರುವ ಸಿಟ್ಟನ್ನು ಟಿಕೆಟ್ ಕಿಟಕಿಯ ಹಿಂದೆ ಕೂತ, ಅದಕ್ಕೆ ಯಾವ ವಿಧದಲ್ಲೂ ಕಾರಣರಲ್ಲದ ನೌಕರರ ಮೇಲೆ ಕಾರುವುದಕ್ಕಿಂತ ದೇವರ ಮೇಲೆ ಕಾರುವುದು ಎಷ್ಟೋ ಮೇಲು. ಅವನು ಅದನ್ನು ತಾಳಿಕೊಳ್ಳಬಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಯೋಜನೆ ಹಾಕುವುದೇ ಬೇಡವೇ ಎಂಬ ಪ್ರಶ್ನೆ ಏಳುತ್ತದೆ. ಬೇಕು. ಬಂದದ್ದು ಬರಲಿ ಎಂದು ಏನನ್ನೂ ಸಿದ್ಧಮಾಡಿಕೊಳ್ಳದೆ ಇರುವವರು ದೇವರನ್ನು ನಂಬಿದವರೆಂದು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಅವರ ಭಾರವನ್ನು ಮನೆಯ ಇನ್ಯಾರೋ ಹೊತ್ತಿರುತ್ತಾರೆ. ನಂಬಿಕೆಯುಳ್ಳವರು ಯೋಜನೆ ಹಾಕುವ ರೀತಿ ಹೇಗಿರಬಹುದು ಎಂಬುದಕ್ಕೆ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ನಿದರ್ಶನವೊಂದಿದೆ. 1534ರ ಆಗಸ್ಟ್ 15ರಂದು ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಮೇಲಿನ ಸಣ್ಣ ಪ್ರಾರ್ಥನಾಲಯದಲ್ಲಿ, ಮುಂದೆ ಕ್ರೈಸ್ತ ಸಂತರೆನಿಸಿದ ಲೊಯೋಲಾದ ಇಗ್ನೇಷಿಯಸ್ ಮತ್ತು ಅವರ ಆರು ಮಂದಿ ಗೆಳೆಯರು ಜೆರುಸಲೇಮಿಗೆ ಹೋಗುವ ಪ್ರತಿಜ್ಞೆ ಮಾಡಿದರು. ಆ ಪ್ರತಿಜ್ಞೆಯ ಜೊತೆಗೇ ಒಂದು ಷರತ್ತನ್ನೂ ಸೇರಿಸಿದ್ದರು: ವೆನಿಸ್ಸಿನಲ್ಲಿ ಒಂದು ವರ್ಷ ಕಾದರೂ ಪ್ರಯಾಣ ಸಾಧ್ಯವಾಗದಿದ್ದರೆ, ರೋಮಿಗೆ ಹೋಗಿ ಪೋಪ್ ಹೇಳಿದ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳುವುದು.

1537ರಲ್ಲಿ ಅವರೆಲ್ಲ ವೆನಿಸ್ಸಿನಲ್ಲಿ ಸೇರಿದಾಗ ಆ ನಗರಕ್ಕೂ ತುರ್ಕರಿಗೂ ಯುದ್ಧ ಹತ್ತಿಕೊಂಡು, ಯಾತ್ರಿಕರ ಹಡಗು ಹೊರಡಲೇ ಇಲ್ಲ. ಅವರು ಪ್ರತಿಜ್ಞೆಯಂತೆ ಕಾದರು. ಕಾಯುವ ಹೊತ್ತಿನಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ, ಯಾರೂ ಮುಟ್ಟಲು ಹಿಂಜರಿಯುತ್ತಿದ್ದ ರೋಗಿಗಳ ಹಾಸಿಗೆ ಒರೆಸುತ್ತ, ಹುಣ್ಣು ತೊಳೆಯುತ್ತ ಕೆಲಸ ಮಾಡಿದರು. ಆಮೇಲೆ ಷರತ್ತಿನಂತೆ ರೋಮಿಗೆ ಹೋದರು. 1540ರಲ್ಲಿ ಪೋಪ್ ಮೂರನೆಯ ಪಾಲ್ ಅವರ ಸಂಘಕ್ಕೆ ಮಾನ್ಯತೆ ಕೊಟ್ಟು, ಅದು ಜೆಸ್ಯೂಟರ ಸಂಘವೆಂದು ಹೆಸರಾದ ಯೇಸುಸಭೆಯಾಯಿತು. ಅದೇ ವರ್ಷ, ಆ ಆರು ಗೆಳೆಯರಲ್ಲಿ ಒಬ್ಬರಾದ, ಭಾರತಕ್ಕೆ ಕಳಿಸಲು ಗೊತ್ತಾಗಿದ್ದ ನಿಕೊಲಾಸ್ ಬೊಬಡಿಲ್ಲಾ ಕಾಯಿಲೆ ಬಿದ್ದರು. ಅವರ ಬದಲಿಗೆ ಹೊರಟು 1542ರಲ್ಲಿ ಗೋವಾ ತಲುಪಿದವರು ಆ ಗೆಳೆಯರಲ್ಲೇ ಇನ್ನೊಬ್ಬರಾದ ಫ್ರಾನ್ಸಿಸ್ ಕ್ಸೇವಿಯರ್.

ಇದನ್ನು ಬಸ್ಸು ತಪ್ಪಿದ ಕಥೆಯಂತೆ ಹೇಳಿಬಿಡುವುದು ಬಹಳ ಸುಲಭ. ಹಡಗು ಸಿಗದಿದ್ದುದೇ ಒಳ್ಳೆಯದಾಯಿತು ನೋಡಿ ಎಂದು. ನಾನು ಹಾಗೆ ಹೇಳಲಾರೆ. ಹಡಗನ್ನು ತಡೆದದ್ದು ಯುದ್ಧ, ಆ ಯುದ್ಧದಲ್ಲಿ ಸತ್ತವರಿದ್ದಾರೆ. ನಮಗೆ ಕಥೆಯ ಕೊನೆ ತಿಳಿದಿದೆ. ಬಂದರಿನಲ್ಲಿ ಕಾಯುತ್ತಿದ್ದವರಿಗೆ ಏನೂ ತಿಳಿದಿರಲಿಲ್ಲ. ನನಗೆ ಬೆಲೆಯುಳ್ಳದ್ದೆಂದು ತೋರುವುದು ಆ ಷರತ್ತು ಮತ್ತು ಆ ಆಸ್ಪತ್ರೆಯ ಕೆಲಸ. ಅವರು ಕಾಟಾಚಾರಕ್ಕೆ ಸಂಕಲ್ಪ ಮಾಡಿರಲಿಲ್ಲ, ಹೋಗಲೇಬೇಕೆಂದು ಹೊರಟಿದ್ದರು. ಆದರೂ ಸಂಕಲ್ಪದೊಳಗೇ ಅದು ನಡೆಯದಿರುವುದಕ್ಕೂ ಜಾಗ ಬಿಟ್ಟಿದ್ದರು, ಕಾಯುವುದಕ್ಕೆ ಗಡುವು ಹಾಕಿಕೊಂಡಿದ್ದರು, ಕಾಯುವ ಹೊತ್ತನ್ನು ವ್ಯರ್ಥವೆಂದು ಬಗೆಯಲಿಲ್ಲ. ಹೀಗೆ ಹಾಕಿದ ಯೋಜನೆ ತಪ್ಪಿದರೂ ಮನುಷ್ಯನನ್ನು ಮುರಿಯುವುದಿಲ್ಲ. ಇಗ್ನೇಷಿಯಸ್ ನಂತರದ ದಿನಗಳಲ್ಲಿ, ತಾನು ಕಟ್ಟಿದ ಸಂಘವೇ ಕರಗಿಹೋದರೂ ಕಾಲುಗಂಟೆಯ ಪ್ರಾರ್ಥನೆ ಸಾಕು, ಮನಸ್ಸು ಸ್ಥಿಮಿತಕ್ಕೆ ಬರುತ್ತದೆ ಎಂದಿದ್ದರೆಂದು ಅವರ ಜೊತೆಗಾರರು ದಾಖಲಿಸಿದ್ದಾರೆ. ತೀರ ಸಣ್ಣದೊಂದು ಭೇಟಿ ತಪ್ಪಿದ್ದಕ್ಕೆ ಅರ್ಧ ದಿನ ಮುಖ ಗಂಟಿಕ್ಕಿಕೊಳ್ಳುವ ನಮ್ಮಂಥವರಿಗೆ ಆ ಕಾಲುಗಂಟೆ ಬಹಳ ದೂರದಲ್ಲಿದೆ. ಆದರೆ ಅಭ್ಯಾಸವನ್ನು ಎಲ್ಲಿಂದಲಾದರೂ ಆರಂಭಿಸಲೇಬೇಕು, ಆರಂಭಿಸುವುದಕ್ಕೆ ಸಣ್ಣ ಅಡ್ಡಿಗಳೇ ತಕ್ಕವು. ದೊಡ್ಡದು ಬಂದ ದಿನ ಕಲಿಯುವುದಕ್ಕೆ ಪುರುಸೊತ್ತಿರುವುದಿಲ್ಲ.

ಹಾಗಾಗಿ ನಾನು ರೂಢಿಸಿಕೊಳ್ಳುತ್ತಿರುವುದು ತುಂಬ ಸರಳವಾದದ್ದು. ಏನಾದರೂ ಕೈತಪ್ಪಿದ ಕೂಡಲೇ ಮೊದಲು ಅದನ್ನು ಇದ್ದ ಹಾಗೆ ಒಂದು ವಾಕ್ಯದಲ್ಲಿ ದೇವರಿಗೆ ಹೇಳುತ್ತೇನೆ: ಇದು ಆಗಬೇಕಿತ್ತು, ಆಗಲಿಲ್ಲ, ನನಗೆ ಬೇಸರವಾಗಿದೆ. ಬೇಸರವಿಲ್ಲವೆಂದು ನಟಿಸುವುದಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಗಂಟೆಯಲ್ಲಿ ನನ್ನ ಕೈಗೆ ಸಿಗುವ ಕೆಲಸ ಯಾವುದು? ಉತ್ತರ ಹೆಚ್ಚಿನಂಶ ತೀರ ಸಾಮಾನ್ಯವಾದದ್ದಾಗಿರುತ್ತದೆ. ಯಾರಿಗೋ ಫೋನ್ ಮಾಡಿ ಬರಲಾಗುವುದಿಲ್ಲವೆಂದು ತಿಳಿಸುವುದು, ಹೊಸ ದಿನ ಗೊತ್ತುಮಾಡುವುದು, ಜ್ವರದ ಮಗುವಿನ ಪಕ್ಕದಲ್ಲಿ ಕೂರುವುದು. ‘ಏಕೆ ಹೀಗಾಯಿತು’ ಎಂಬ ಪ್ರಶ್ನೆ ಆಗಲೂ ಬರುತ್ತದೆ, ಅದನ್ನು ಓಡಿಸುವುದಿಲ್ಲ. ಆದರೆ ಅದು ಕೈಯಲ್ಲಿನ ಕೆಲಸಕ್ಕೆ ಅಡ್ಡ ಬರದಂತೆ ನೋಡಿಕೊಳ್ಳುತ್ತೇನೆ. ದಿನ ಹಾಳಾಯಿತು ಎಂಬ ಮಾತನ್ನು ಮಾತ್ರ ಸಂಜೆಯಾಗುವ ಮೊದಲು ಆಡಬಾರದೆಂದು ಮನಸ್ಸಿಗೆ ಕಟ್ಟುನಿಟ್ಟು ಮಾಡಿದ್ದೇನೆ.

ಒಂದು ಎಚ್ಚರಿಕೆಯ ಮಾತು. ಯಾರದೋ ನಿರ್ಲಕ್ಷ್ಯದಿಂದ, ಮಾತಿಗೆ ತಪ್ಪಿದ್ದರಿಂದ ನಮ್ಮ ಕೆಲಸ ಕೆಟ್ಟಿದ್ದರೆ, ದೇವರ ಇಚ್ಛೆಯೆಂದು ಬಾಯಿ ಮುಚ್ಚಿಕೊಳ್ಳುವುದು ನಂಬಿಕೆಯಲ್ಲ. ಕೇಳಬೇಕಾದ್ದನ್ನು ಕೇಳಬೇಕು, ಬರೆದುಕೊಡಬೇಕಾದ ದೂರನ್ನು ಬರೆದುಕೊಡಬೇಕು. ಗೀತೆಯ ಐದು ಕಾರಣಗಳಲ್ಲಿ ಕರ್ತೃವೂ ಒಬ್ಬನಿದ್ದಾನೆ, ಅವನಿಗೆ ಹೊಣೆಯಿದೆ.

ಇನ್ನುಳಿದದ್ದು, ಬೇರೆಯವರ ಯೋಜನೆ ತಪ್ಪಿದಾಗ ನಾವು ಏನು ಹೇಳಬೇಕೆಂಬುದು. ಯೋಬನ ಗೆಳೆಯರು ಬಾಯಿ ಬಿಡುವ ಮೊದಲು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಇಡೀ ಗ್ರಂಥದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ನನಗನ್ನಿಸುತ್ತದೆ. ಸಂದರ್ಶನ ರದ್ದಾಯಿತೆಂದೋ, ಕೊನೆಯ ಗಳಿಗೆಯಲ್ಲಿ ಮನೆ ಕೈಬಿಟ್ಟುಹೋಯಿತೆಂದೋ ಯಾರಾದರೂ ಕರೆ ಮಾಡಿದಾಗ, ದೇವರು ಇದನ್ನು ಏಕೆ ಮಾಡಿದನೆಂಬ ವಿವರಣೆಯನ್ನು ಈಗ ನಾನು ಕೊಡುವುದಿಲ್ಲ, ಒಳ್ಳೆಯದಕ್ಕೇ ಬಿಡಿ ಎಂದೂ ಅನ್ನುವುದಿಲ್ಲ. ಆ ಮಾತನ್ನು ಅವರೇ ಮುಂದೊಂದು ದಿನ ತಮ್ಮ ಬದುಕನ್ನು ಹಿಂದಿರುಗಿ ನೋಡಿ ಹೇಳಿದರೆ ಅದಕ್ಕೆ ಬೆಲೆಯಿದೆ. ಅವರ ಪರವಾಗಿ ನಾನು ಹೇಳುವಂಥದ್ದಲ್ಲ. ಅವರು ಮಾತು ಮುಗಿಸುವವರೆಗೆ ಕೇಳುತ್ತೇನೆ. ಅವರ ಮಾತಿನಲ್ಲಿ ದೇವರು ಬಂದರೆ ನಾನೂ ದೇವರ ಮಾತಾಡುತ್ತೇನೆ, ಜೊತೆಯಲ್ಲಿ ಪ್ರಾರ್ಥಿಸೋಣವೇ ಎಂದು ಕೇಳುತ್ತೇನೆ. ಬರದಿದ್ದರೆ, ಹೊಸ ದಿನಾಂಕ ಯಾವಾಗ ತಿಳಿಯುತ್ತದೆ, ಅಲ್ಲಿಯವರೆಗೆ ಸಾಮಾನು ಇಡುವುದಕ್ಕೆ ಜಾಗ ಬೇಕೇ, ಮುಂದಿನ ಸಲ ಜೊತೆಗೆ ಬರಲು ಯಾರಾದರೂ ಬೇಕೇ ಎಂದು ವಿಚಾರಿಸುತ್ತೇನೆ.